ನಾಲ್ಕನೇ ಮನೆಯ ಸಸಿ

ಮಂಜೇಶ್ವರ, ೧೪ ಜನವರಿ ೧೯೫೭

ಈ ಪುಸ್ತಕದ ಮುಂಭಾಗದಲ್ಲಿ ಹೆರಿಗೆಗಳಿವೆ. ಹಿಂಭಾಗ ಖಾಲಿ. ನಿವೃತ್ತಳಾದ ದಾದಿಗೆ ಇಷ್ಟು ಪುಟ ತುಂಬುವಷ್ಟು ಹೆರಿಗೆ ಇನ್ನು ಸಿಗುವುದಿಲ್ಲ. ಆದ್ದರಿಂದ ಪುಸ್ತಕ ತಿರುಗಿಸಿ ಹಿಂದಿನಿಂದ ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಹೆದರಿಕೆಯನ್ನು ಎಲ್ಲಾದರೂ ಇಡಬೇಕಲ್ಲ.

ಮೂವತ್ತೊಂದು ವರ್ಷ ಪೈವಳಿಕೆ, ಮೀಂಜ ಎಂದು ಗುಡ್ಡ ಹತ್ತಿ ಇಳಿದು ಮಕ್ಕಳನ್ನು ಹಿಡಿದೆ. ಆ ದುಡಿಮೆಯಲ್ಲಿ ಉಳಿದದ್ದೆಲ್ಲ ಸ್ಟೇಷನ್ನಿನ ಹಿಂದಿನ ಈ ನಾಲ್ಕು ಮನೆಗಳ ಸಾಲು. ಮಕ್ಕಳಿಲ್ಲ, ಗಂಡನಿಲ್ಲ. ಮನೆ ಹೋದರೆ ನಾನೂ ಹೋದೆ. ಒಂದರಲ್ಲಿ ನಾನಿದ್ದೇನೆ. ಎರಡರಲ್ಲಿ ದರ್ಜಿ ಹೊನ್ನಯ್ಯ. ಮೂರರಲ್ಲಿ ಈಶ್ವರಪ್ರಸಾದ ಮಾಸ್ತರರು. ಮೂರಕ್ಕೂ ಹಂಚು. ನಾಲ್ಕನೆಯದು ರೈಲು ಹಳಿಯ ಬದಿಗೆ, ಮುಳಿಹುಲ್ಲು ಹೊದೆಸಿದ ಮಾಡು. ಎಂಜಿನ್ನಿನ ಮಸಿ ಬೀಳುತ್ತದೆಂದು ಯಾರೂ ಬರಲಿಲ್ಲ. ಅದನ್ನು ಸ್ಟೇಷನ್ನಿನಲ್ಲಿ ಮೂಟೆ ಹೊರುವ ಬಟ್ಯನಿಗೆ ಕೊಟ್ಟೆ. ಅವನ ಜಾತಿಗೆ ಈ ಪೇಟೆಯಲ್ಲಿ ಬೇರೆ ಯಾರೂ ಮನೆ ಕೊಡುವುದಿಲ್ಲ.

ಈಗ ಊರೆಲ್ಲ ಒಂದೇ ಮಾತು. ನಮ್ಮನ್ನು ಹೊಸ ಮಲಯಾಳ ರಾಜ್ಯಕ್ಕೆ ಸೇರಿಸಿ ಆಯಿತು, ಇನ್ನು ಮತದಾನ, ಆಮೇಲೆ ಮನೆ ಕೂತವನಿಗೇ ಅಂತೆ. ಇವತ್ತು ವೆಂಕಟಕೃಷ್ಣಯ್ಯನವರ ಹತ್ತಿರ ಹೋದೆ. ರಿಜಿಸ್ಟ್ರಿ ಕಚೇರಿಯ ಎದುರು ದಸ್ತಾವೇಜು ಬರೆಯುತ್ತಾರೆ. ಹೊಸಂಗಡಿಯಲ್ಲಿ ಹನ್ನೊಂದು ಬಾಡಿಗೆ ಮನೆ ಉಂಟು ಅವರಿಗೆ. ಅವರು ಕುರ್ಚಿಯಲ್ಲಿ, ನಾನು ಮೆಟ್ಟಿಲ ಕೆಳಗೆ.

"ಕೊಳ್ಳುವ ಮೊದಲು ಕೇಳ್ಬೇಕಿತ್ತು ಮಾರಾಯ್ತಿ. ಆಗ್ಲಿ, ನೆನಪಿಟ್ಕೊ," ಎಂದರು. "ಬಾಡಿಗೆಗೆ ಅಂತ ಮನೆ ಕೊಳ್ಳುವವನು ಗೋಡೆ ನೋಡುದಲ್ಲ, ಬಾವಿ ನೋಡುದು. ಎಪ್ರಿಲಿನಲ್ಲಿ ನೀರುಂಟಾ, ಜನ ಬರ್ತಾರೆ. ವರ್ಷಕ್ಕೆ ಹನ್ನೆರಡು ತಿಂಗಳ ಬಾಡಿಗೆ ಅಂತ ಎಣಿಸ್ಬೇಡ. ಹತ್ತು ಅಂತ ಎಣಿಸು. ಒಂದು ತಿಂಗಳು ಖಾಲಿ ಬೀಳ್ತದೆ, ಒಂದು ತಿಂಗಳದ್ದು ಮಾಡು ರಿಪೇರಿಗೆ ಹೋಗ್ತದೆ. ಸಂಬಂಧಿಕರಿಗೆ ಕೊಡ್ಬೇಡ. ತಿಂಗಳ ಸಂಬಳದವನನ್ನು ಹಿಡಿ. ಹನ್ನೊಂದು ತಿಂಗಳಿಗೆ ಕಾಗದ ಮಾಡು. ಕಾಗದ ಇಲ್ಲದವನಿಗೆ ರಶೀದಿಯೂ ಬೇಡ."

ಇಷ್ಟು ಹೇಳಿ ಎಲೆಯಡಿಕೆ ಉಗಿದು ಬಂದರು.

"ಮುಖ್ಯದ್ದು ಈಗ ಕೇಳು. ನೆಲಕ್ಕೆ ಕೈ ಹಾಕ್ಲಿಕ್ಕೆ ಬಿಡ್ಬೇಡ. ಬಸಳೆ ಚಪ್ಪರ ಹಾಕಿದ್ರೂ ಕಿತ್ತು ಬಿಸಾಡು. ಒಂದು ತೆಂಗಿನ ಸಸಿ ನೆಟ್ಟ ಅಂದ್ರೆ ಮುಗೀತು. ಮರ ಅವನದ್ದಾದ್ರೆ ಬುಡ ಯಾರದ್ದು ಅಂತ ನಾಳೆ ಕೋರ್ಟು ಕೇಳ್ತದೆ. ಹೆರಿಗೆ ಆಗ್ಲಿಕ್ಕೂ ಬಿಡ್ಬೇಡ. ಮಗು ಹುಟ್ಟಿದ ಮನೆಯಿಂದ ಜನ ಏಳುದಿಲ್ಲ." ನಕ್ಕರು. "ನಿನ್ನ ಹತ್ರ ಹೇಳಿ ಎಂತ? ನೀನೇ ಹೆರಿಗೆಯವಳು!"

ನಾನೂ ನಕ್ಕೆ.

ಕಳೆದ ಜುಲೈಯಲ್ಲಿ ನಾಲ್ಕನೇ ಮನೆಯಲ್ಲಿ ಬಟ್ಯನ ಹೆಂಡತಿ ಐತೆಗೆ ನೋವು ಬಂದಾಗ ಹೋದವಳು ನಾನು. ಹೆಣ್ಣು ಮಗು. ಮಾಸನ್ನು ಹಿತ್ತಿಲಲ್ಲಿ ಹೂತು, ಅದರ ಮೇಲೆ ತೆಂಗಿನ ಸಸಿ ಇಟ್ಟು ಮಣ್ಣು ಎಳೆದವಳೂ ನಾನು. ಹೋದ ಮನೆಗಳಲ್ಲೆಲ್ಲ ಹಾಗೆಯೇ ಮಾಡಿದ್ದೇನೆ. ಮಗುವಿನ ಜೊತೆ ಮರ ಬೆಳೆಯಲಿ ಎಂದು. ಅಂದು ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಅದು ನನ್ನ ಸ್ವಂತ ನೆಲ ಎಂಬ ನೆನಪೇ ಬರಲಿಲ್ಲ. ಬದುಕಿಡೀ ಬೇರೆಯವರ ಹಿತ್ತಿಲು ಅಗೆದವಳಿಗೆ ಎಲ್ಲಿಂದ ಬರಬೇಕು?

೯ ಫೆಬ್ರವರಿ

ಸಸಿಗೆ ನಾಲ್ಕು ಗರಿ. ದಿನಾ ಎಣಿಸುತ್ತೇನೆ.

ಬೆಳಿಗ್ಗೆ ನಾಲ್ಕನೇ ಮನೆಯವಳು ಎಂದಿನ ಹಾಗೆ ಬಾವಿಯಿಂದ ಆಚೆ ನಿಂತಿದ್ದಳು. ನಾನು ಸೇದಿ ಅವಳ ಕೊಡಕ್ಕೆ ಮೇಲಿನಿಂದ ಹೊಯ್ಯುತ್ತೇನೆ. ಎರಡು ವರ್ಷದಿಂದ ನಡೆದು ಬಂದ ಕ್ರಮ. ಬೇರೆ ಧಣಿಗಳು ಅದನ್ನೂ ಮಾಡುವುದಿಲ್ಲ.

"ಆ ಸಸಿ ಗೋಡೆಗೆ ಹತ್ರ ಆಯ್ತು. ಕಿತ್ತು ಹಳಿಯ ಆಚೆ ನೆಡಿ," ಎಂದೆ.

ಅವಳು ಕೊಡ ಸೊಂಟಕ್ಕೆ ಏರಿಸಿದಳು. "ನೀವೇ ನೆಟ್ಟದ್ದಲ್ವಾ ನರ್ಸಮ್ಮ? ಕಿತ್ರೆ ಮಗುವಿಗೆ ಆಗುದಿಲ್ಲ ಅಂತ ಅವತ್ತು ಹೇಳಿದ್ದೂ ನೀವೇ."

ಬಟ್ಯ ಹೊಸ್ತಿಲಲ್ಲಿ ಮಗುವನ್ನು ಎತ್ತಿ ಆಡಿಸುತ್ತಿದ್ದ. ಹೆಸರು ಪಂಕಜಾಕ್ಷಿ ಎಂದು ಇಟ್ಟಿದ್ದಾರೆ. ಹೊನ್ನಯ್ಯ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಿ ಕೂಗಿದ, "ಎಂತ ಬಟ್ಯ, ಪಂಕಜಾಕ್ಷಿಯಮ್ಮನವರಿಗೆ ರವಿಕೆ ಹೊಲಿಬೇಕಾ? ಅಳತೆ ತೆಗಿಲಿಕ್ಕೆ ನಾನು ಬರ್ಬೇಕಾ, ಅವ್ರೇ ಬರ್ತಾರಾ?"

"ನೀವೇ ಬನ್ನಿ. ದೊಡ್ಡವರ ಮನೆಗೆ ದರ್ಜಿ ಹೋಗುದಲ್ವಾ ಕ್ರಮ?" ಎಂದ ಬಟ್ಯ. ಆಮೇಲೆ ನಗು ನಿಲ್ಲಿಸಿದ. "ಇವಳು ಆದಿತ್ಯವಾರ ಹುಟ್ಟಿದ್ದಕ್ಕೆ ಐತೆ. ನನ್ನ ಅಕ್ಕ ಶುಕ್ರವಾರ ಹುಟ್ಟಿದ್ದಕ್ಕೆ ತುಕ್ರು. ನಮ್ಗೆ ಹೆಸರು ಅಂತ ಯಾರೂ ಇಡ್ಲಿಲ್ಲ ಹೊನ್ನಯ್ಯಣ್ಣ, ವಾರ ಕರೆದ್ರು. ನನ್ನ ಮಗಳು ಯಾವ ವಾರ ಹುಟ್ಟಿದ್ಳು ಅಂತ ಊರಿಗೆ ಯಾಕೆ?"

ಇಂಥ ಮಾತು ಇವನಿಗೆ ಎಲ್ಲಿಂದ ಬಂತು? ಸ್ಟೇಷನ್ನಿನಲ್ಲಿ ಹಮಾಲರ ಸಂಘ ಆಗಿದೆಯಂತೆ. ಮಗಳಿಗೆ ಹೆಸರು ಕೇಳಿದವನು ನಾಳೆ ಮನೆ ಕೇಳುತ್ತಾನೆ.

೧೮ ಮಾರ್ಚ್

ಮತ ಎಣಿಸಿ ಆಯಿತು, ರಾಜ್ಯದಲ್ಲಿ ಸಂಘದವರ ಪಕ್ಷ ಗೆದ್ದಿತು. ಸಂಘದವರು ಸ್ಟೇಷನ್ನಿನ ಎದುರು ಪಟಾಕಿ ಹೊಡೆದರು. ಒಂದೊಂದು ಸದ್ದಿಗೂ ನನ್ನ ಒಂದೊಂದು ಗೋಡೆ ಬಿದ್ದ ಹಾಗಾಯಿತು.

ಮಧ್ಯಾಹ್ನ ಬಟ್ಯ, ಐತೆ ಇಬ್ಬರೂ ಮಗುವಿನ ಜೊತೆ ಅಲ್ಲಿಗೆ ಹೋಗಿದ್ದರು. ಹೊನ್ನಯ್ಯ ಪೇಟೆಯಲ್ಲಿ, ಮಾಸ್ತರರು ಶಾಲೆಯಲ್ಲಿ. ಬಚ್ಚಲ ಹಂಡೆಯಲ್ಲಿ ನೀರು ಕುದಿಸಿದೆ. ಚೆಂಬು ಚೆಂಬಾಗಿ ಹೊತ್ತು ಸಸಿಯ ಬುಡಕ್ಕೆ ಹೊಯ್ದೆ. ಆರು ಚೆಂಬು. ಮಣ್ಣಿನಿಂದ ಹಬೆ ಎದ್ದಿತು.

ಮೂವತ್ತೊಂದು ವರ್ಷ ನೀರು ಕಾಯಿಸಿದ ಕೈ ಇದು. ಎಷ್ಟು ಬಿಸಿ ಎಂದು ಮುಟ್ಟದೆಯೇ ಗೊತ್ತಾಗುತ್ತದೆ.

ಬಾಗಿಲು ಹಾಕಿ ಕೂತಿದ್ದೇನೆ. ಯಾರೂ ನೋಡಲಿಲ್ಲ.

೨೫ ಮಾರ್ಚ್

ಎರಡು ಗರಿ ಹಳದಿ. ನಡುವಿನ ಸುಳಿ ಇನ್ನೂ ಹಸುರು. ಐತೆ ಅದಕ್ಕೆ ಕಪ್ಪು ದಾರ ಕಟ್ಟಿದ್ದಾಳೆ. ಯಾರದೋ ಕಣ್ಣು ಬಿದ್ದಿದೆಯಂತೆ.

೧೪ ಎಪ್ರಿಲ್

ವೆಂಕಟಕೃಷ್ಣಯ್ಯನವರೇ ನಡೆದು ನನ್ನ ಮನೆಗೆ ಬಂದರು. ಹಾಗೆ ಬರುವವರಲ್ಲ. ಕೈಯಲ್ಲಿ ಪತ್ರಿಕೆ. ಹೊಸ ಸರ್ಕಾರ ಒಕ್ಕಲೆಬ್ಬಿಸುವುದನ್ನೆಲ್ಲ ತಡೆದಿದೆ. ಬೇರೆಯವರ ನೆಲದಲ್ಲಿ ಗುಡಿಸಲು ಹಾಕಿ ಕೂತವನನ್ನೂ ಏಳಿಸುವ ಹಾಗಿಲ್ಲ.

"ನಿನ್ನ ಮೂರು ಹಂಚಿನ ಮನೆಗೆ ಭಯ ಇಲ್ಲ. ನಾಲ್ಕನೇದು ಹುಲ್ಲಿನದ್ದು, ಕಾಗದ ಇಲ್ಲ, ಪಕ್ಕದಲ್ಲಿ ಸಸಿ ಬೇರೆ. ನಾನು ಬರುವಾಗ ನೋಡಿದೆ. ಅದು ಹೋಯ್ತು ಅಂದ್ರೆ ಅಲ್ಲಿಗೆ ಹೋಗುವ ದಾರಿ ಹೋಗ್ತದೆ, ಬಾವಿಯ ಪಾಲು ಹೋಗ್ತದೆ. ಆ ಜಾತಿ ಬಾವಿಗೆ ಇಳಿದ್ರೆ ಉಳಿದ ಮೂರಕ್ಕೆ ಯಾರು ಬರ್ತಾರೆ? ಒಂದು ಮನೆ ಅಲ್ಲ ಮಾರಾಯ್ತಿ, ನಾಲ್ಕೂ ಹೋಗುದು."

ಕೇಳಿದೆ, "ಎಂತ ಮಾಡ್ಲಿ ಅಯ್ಯಾ?"

"ಮನುಷ್ಯರನ್ನು ಏಳಿಸ್ಲಿಕ್ಕೆ ತಡೆ ಉಂಟು. ಹುಲ್ಲು ಇಳಿಸ್ಲಿಕ್ಕೆ ತಡೆ ಇಲ್ಲ. ಹೇಗೂ ಮೇ ತಿಂಗಳಲ್ಲಿ ಮಾಡು ಬದಲಿಸುದು. ಹಳೆದು ಇಳಿಸು. ಹೊಸತು ಹಾಕ್ಬೇಡ. ಮಳೆ ಬಂದಾಗ ಅವ್ರೇ ಏಳ್ತಾರೆ. ನೀನು ಬಾಯಿ ತೆರೆಯುದೂ ಬೇಡ."

ಎಷ್ಟು ಸುಲಭವಾಗಿ ಹೇಳಿದರು, ಕಾಫಿ ಕುಡಿಯದೆ ಹೋದರು. ನನ್ನ ಲೋಟದಲ್ಲಿ ಅವರು ಕುಡಿಯುವುದಿಲ್ಲ. ಅದು ಈಗ ಯಾಕೆ ನೆನಪಾಯಿತೋ.

೮ ಮೇ

ಮಾಡು ಇಳಿಯಿತು. ಇಳಿಸಿದವನು ಬಟ್ಯನೇ.

ಸ್ಟೇಷನ್ನಿನ ಕೆಲಸ ಬಿಟ್ಟು ಬೆಳಿಗ್ಗೆಯಿಂದ ಮೇಲೆ ಕೂತು ಕಟ್ಟು ಕಟ್ಟು ಬಿಚ್ಚಿ ಕೆಳಗೆ ಹಾಕಿದ. "ಹೊಸ ಮುಳಿ ಯಾವಾಗ ಬರ್ತದೆ ಅಮ್ಮ? ಮೀಂಜದಿಂದ ತರ್ಸಿ. ಅಲ್ಲಿಯದ್ದು ಎರಡು ಮಳೆಗಾಲ ಬರ್ತದೆ. ಹೊರುವ ಕೂಲಿ ನನ್ಗೆ ಬೇಡ, ನನ್ನದೇ ಮನೆ ಅಲ್ವಾ?"

ಆ ಕೊನೆಯ ಮಾತು. ನೋಡಿ, ಆಗಲೇ ನನ್ನದು ಎನ್ನುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ವರ್ಷ ನಾನೂ ಹೋದ ಮನೆಯನ್ನೆಲ್ಲ 'ನಮ್ಮ ಬಾಣಂತಿಯ ಮನೆ' ಎಂದೇ ಹೇಳಿದವಳು. ಯಾರೂ ನನ್ನ ಮೇಲೆ ದಾವೆ ಹಾಕಲಿಲ್ಲ.

"ನಾಳೆ ನಾಡಿದ್ದು ಬರ್ತದೆ," ಎಂದೆ.

೨೭ ಮೇ

ನಾಳೆ ನಾಡಿದ್ದು ಎಂದು ಹತ್ತೊಂಬತ್ತು ದಿನ. ಕೇಳುವುದನ್ನು ಅವನು ನಿಲ್ಲಿಸಿದ್ದಾನೆ. ಕೇಳುವಾಗ ಇದ್ದದ್ದಕ್ಕಿಂತ ಈಗ ಹೆಚ್ಚು ಹೆದರಿಕೆ. ಮಾಡಿಲ್ಲದ ಮನೆಯ ಮೇಲಿನ ಮರದ ಪಕ್ಕಾಸುಗಳು ನನ್ನ ಕಿಟಕಿಯಿಂದ ಕಾಣುತ್ತವೆ. ಕಿಟಕಿಗೆ ಹಳೆ ಸೀರೆ ಕಟ್ಟಿದೆ.

೪ ಜೂನ್

ಮಳೆ. ಬೆಳಿಗ್ಗೆ ಏಳಕ್ಕೇ ಕತ್ತಲು ಕವಿದು ಹೊಡೆಯಿತು. ಸೀರೆ ಸರಿಸಿ ನೋಡಿದೆ. ಬಟ್ಯ ಗೋಣಿ ತಾಟುಗಳನ್ನು ಪಕ್ಕಾಸಿಗೆ ಕಟ್ಟುತ್ತಿದ್ದ. ಐತೆ ಮೂಲೆಯಲ್ಲಿ ಮಗುವಿನ ಮೇಲೆ ಬಗ್ಗಿ ನಿಂತಿದ್ದಳು, ತಾನೇ ಮಾಡು ಆದ ಹಾಗೆ.

ಮಗು ಕೆಮ್ಮಿತು. ಆ ಕೆಮ್ಮು ನನಗೆ ಗೊತ್ತು. ಎಷ್ಟು ಮನೆಗಳಲ್ಲಿ ಕೇಳಿದ್ದೇನೆ. ಮೂರನೇ ದಿನಕ್ಕೆ ನಿಂತುಬಿಡುತ್ತದೆ, ಕೆಮ್ಮೂ, ಮಗುವೂ.

ಮಗು ಸತ್ತರೆ ಕೇಸು ನನ್ನ ಮೇಲೆ. ಅದಕ್ಕೇ ಓಡಿದೆ, ಬೇರೆ ಯಾವುದಕ್ಕೂ ಅಲ್ಲ. ಮಗುವನ್ನು ಕಿತ್ತುಕೊಂಡ ಹಾಗೆ ಎತ್ತಿ ನನ್ನ ಮನೆಗೆ ತಂದೆ. ಐತೆ ಹಿಂದೆಯೇ ಬಂದು ಮೆಟ್ಟಿಲಲ್ಲಿ ನಿಂತಳು. ಒಳಗೆ ಬಾ ಎಂದು ನಾನು ಹೇಳಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಬಂದಳು.

ಎದೆಗೆ ಬಿಸಿ ಎಣ್ಣೆ ಹಚ್ಚಿದೆ. ಹಬೆ ಕೊಡಬೇಕು, ನೀರು ಬೇಕು ಎಂದೆ. ಐತೆ ಕೊಡ ಹಿಡಿದು ಬಾವಿಯವರೆಗೆ ಹೋಗಿ ಅಲ್ಲೇ ನಿಂತಳು. ಮಳೆಯಲ್ಲಿ, ಆಚೆ, ದಿನಾ ನಿಲ್ಲುವ ಜಾಗದಲ್ಲಿ.

"ಸೇದು! ಎಂತ ನೋಡ್ತಿ?" ಎಂದು ಕಿರುಚಿದೆ.

ಅವಳು ತಿರುಗಿ ಕಿರುಚಿದಳು. "ನನ್ನ ಹೊಟ್ಟೆಯೊಳಗೆ ಕೈ ಹಾಕಿದವ್ರು ನೀವು! ನಿಮ್ಮ ಹಗ್ಗ ಮುಟ್ಲಿಕ್ಕೆ ಈ ಎರಡು ವರ್ಷ ಎಂತ ಅಡ್ಡ ಇತ್ತು, ಹೇಳಿ!"

ಸೇದಿದಳು. ಹೊನ್ನಯ್ಯನ ಮಿಷನ್ನು ನಿಂತಿತು. ಮಾಸ್ತರರ ಕಿಟಕಿ ಮುಚ್ಚಿತು.

೧೬ ಜೂನ್

ಮಗು ಉಳಿಯಿತು. ಮೂವರೂ ಇಲ್ಲೇ ಇದ್ದಾರೆ, ನನ್ನ ಜಗಲಿಯಲ್ಲಿ.

ಮಾಸ್ತರರು ಬಂದು ಮೃದುವಾಗಿ ಹೇಳಿದರು, "ನಾನೇನೂ ಜಾತಿ ನೋಡುವವನಲ್ಲ. ಆದ್ರೆ ಮನೆಯಲ್ಲಿ ತಾಯಿ ಇದ್ದಾರೆ. ಬೇರೆ ಬಾವಿ ಇರುವ ಕಡೆ ಮನೆ ನೋಡಿದ್ದೇನೆ." ಸಂಬಳದವರು. ಹನ್ನೊಂದು ತಿಂಗಳ ಕಾಗದದವರು. ಎಲ್ಲ ನಿಯಮಕ್ಕೂ ಸರಿಯಾದವರು.

ಸಂಘದವರು ಬಟ್ಯನ ಕೈಯಲ್ಲಿ ಅರ್ಜಿ ಕೊಡಿಸಿದ್ದಾರೆ. ವಿಚಾರಣೆಗೆ ತಾಲೂಕಿನಿಂದ ಗುಮಾಸ್ತ ಬರುತ್ತಾನಂತೆ. ನೋಟೀಸು ಮಲಯಾಳದಲ್ಲಿ ಉಂಟು. ನನ್ನ ಮನೆಯ ವಿಷಯ ನನಗೇ ಓದಲಿಕ್ಕೆ ಬರುವುದಿಲ್ಲ.

ಸಂಜೆ ವೆಂಕಟಕೃಷ್ಣಯ್ಯ ಒಂದು ಕಾಗದ ಬರೆದು ತಂದ. ನಾಲ್ಕನೆಯದು ದನದ ಕೊಟ್ಟಿಗೆ, ಯಾರಿಗೂ ಬಾಡಿಗೆಗೆ ಕೊಟ್ಟದ್ದಲ್ಲ, ಈ ಮೇ ತಿಂಗಳಲ್ಲಿ ಬಟ್ಯ ಅತಿಕ್ರಮಿಸಿ ಸಸಿ ನೆಟ್ಟ ಎಂದು ಅದರಲ್ಲಿ ಉಂಟು.

"ಕೆಳಗೆ ನಿನ್ನ ಹೆಸರು ಬರೆದು ಒಪ್ಪ ಹಾಕು. ಅವನ ಹತ್ರ ರಶೀದಿ ಇಲ್ಲ. ಎರಡು ವರ್ಷದಿಂದ ಇದ್ದಾನೆ ಅನ್ಲಿಕ್ಕೆ ಒಂದು ಚೂರು ಕಾಗದ ಇಲ್ಲ. ನಾನು ಹೇಳಿದ್ದಲ್ವಾ?"

"ನನ್ನ ಹೆರಿಗೆ ಪುಸ್ತಕ ಉಂಟಲ್ಲ," ಎಂದೆ. ಹೇಳಬಾರದಿತ್ತು. ಬಾಯಿಯಿಂದ ಬಂತು.

ಅವನ ಮುಖ ಬದಲಾಯಿತು. "ಎಂಥ ಪುಸ್ತಕ?"

"ಯಾವ ದಿನ, ಎಲ್ಲಿ, ಎಂಥ ಮಗು ಅಂತ ಬರೆದದ್ದು. ನಾಲ್ಕನೇ ಮನೆ ಅಂತ ಬರೆದಿದ್ದೇನೆ. ಸಸಿ ಇಟ್ಟದ್ದೂ ಬರೆದಿದ್ದೇನೆ."

"ಒಲೆ ಎಲ್ಲಿ ಉಂಟು ಅಂತ ನಿನ್ಗೆ ಗೊತ್ತುಂಟಲ್ಲ," ಎಂದ. "ಪಂಕಜಾಕ್ಷಿಯಂತೆ! ಬಟ್ಯನ ಮಗಳು! ಹೆಸರಿಗೆ ತಕ್ಕ ಮನೆಯನ್ನೂ ನೀನೇ ಕೊಡ್ತೀಯಾ? ನಿನ್ನ ಮನೆ ಉಳಿಯುದು ನಿನ್ಗೆ ಬೇಡ್ವಾ?"

ಬೇಕು. ಬೇಕು ಎಂದೇ ಹೇಳಿದೆ. ಕಾಗದ ಇಟ್ಟುಕೊಂಡೆ. ಒಪ್ಪ ಹಾಕಲಿಲ್ಲ, ಮಸಿ ಮುಗಿದಿದೆ ಎಂದು ಸುಳ್ಳು ಹೇಳಿದೆ.

೨೨ ಜೂನ್

ನಾಳೆ ಗುಮಾಸ್ತ ಬರುತ್ತಾನೆ. ಎರಡು ಸಲ ಪುಸ್ತಕ ಹಿಡಿದು ಬಚ್ಚಲೊಲೆಯ ಎದುರು ಕೂತೆ. ಮುಂಭಾಗದಲ್ಲಿ ಇನ್ನೂರ ಹದಿನಾಲ್ಕು ಮಕ್ಕಳಿದ್ದಾರೆ. ಹಿಂಭಾಗದಲ್ಲಿ ಆ ಆರು ಚೆಂಬು ನೀರು ಉಂಟು. ಸುಟ್ಟರೆ ಎರಡೂ ಹೋಗುತ್ತವೆ. ತೋರಿಸಿದರೆ ಎರಡೂ ತೋರುತ್ತವೆ. ಹಿಂದಿನ ಪುಟಗಳನ್ನು ಮಾತ್ರ ಹರಿಯೋಣವೆಂದರೆ ಹೊಲಿಗೆ ಸಡಿಲವಾಗಿ ಮುಂದಿನ ಮಕ್ಕಳೂ ಉದುರುತ್ತಾರೆ.

ಒಲೆ ಆರಿಹೋಗಿದೆ.

೧೧ ಡಿಸೆಂಬರ್

ಪುಸ್ತಕ ಇವತ್ತು ಹಿಂದೆ ಬಂತು. ಐದು ತಿಂಗಳಿಗೂ ಹೆಚ್ಚು ಕಚೇರಿಯಲ್ಲಿತ್ತು. ಅದಕ್ಕೇ ಬರೆಯಲಿಲ್ಲ. ಬೇರೆ ಕಾಗದದಲ್ಲಿ ಬರೆಯಬಹುದಿತ್ತು. ಮನಸ್ಸಾಗಲಿಲ್ಲ.

ವಿಚಾರಣೆಯ ದಿನ ಗುಮಾಸ್ತ ನನ್ನ ಜಗಲಿಯಲ್ಲಿ ಕೂತ. ವಡಕರ ಕಡೆಯ ಮಲಯಾಳಿ ಹುಡುಗ, ಅರ್ಧ ಕನ್ನಡ. ಬಟ್ಯನನ್ನು ಕೇಳಿದ, "ಎತ್ರ ವರ್ಷ ಉಂಟು ಇಲ್ಲಿ? ತೆಳಿವು, ಸಾಕ್ಷಿ ಉಂಟೋ?" ಬಟ್ಯ ಖಾಲಿ ಕೈ ತೋರಿಸಿದ. ಮೂಟೆ ಹೊತ್ತು ಚರ್ಮ ದಪ್ಪವಾದ ಕೈ. ಆ ಕೈಗೆ ಒಂದು ರಶೀದಿ ಕೊಡದವಳು ನಾನು. ವೆಂಕಟಕೃಷ್ಣಯ್ಯ ತನ್ನ ಕಾಗದ ಬಿಡಿಸಿ ನನ್ನ ಕಡೆ ಪೆನ್ನು ಚಾಚಿದ.

ಹೆದರಿಕೆಯಿಂದಲೇ ಎದ್ದೆ. ಬೇರೆ ಯಾವ ಧೈರ್ಯವೂ ಇರಲಿಲ್ಲ. ಸುಳ್ಳಿಗೆ ಒಪ್ಪ ಹಾಕಿದರೆ ಇನ್ನು ಸಾಯುವವರೆಗೆ ಇವನ ಮೆಟ್ಟಿಲ ಕೆಳಗೆ ನಿಲ್ಲಬೇಕಲ್ಲ ಎಂಬ ಹೆದರಿಕೆ. ಒಳಗಿನಿಂದ ಪುಸ್ತಕ ತಂದು ಓದಿದೆ. "ಸಾವಿರದ ಒಂಬೈನೂರ ಐವತ್ತಾರು, ಜುಲೈ ಹದಿನೇಳು. ಸ್ಟೇಷನ್ ಹಿಂದಿನ ಸಾಲು, ನಾಲ್ಕನೇ ಮನೆ. ಬಾಣಂತಿ ಐತೆ. ಹೆಣ್ಣು. ತೂಕ ಐದೂ ಮುಕ್ಕಾಲು ರಾತ್ಲು. ಮಾಸು ಹೂತು ಸಸಿ ಇಟ್ಟದ್ದು."

ದಿನಾಂಕದ ಮುಂದೆ ವಾರವನ್ನೂ ಬರೆದಿದ್ದೆ. ಅದನ್ನು ಓದಲಿಲ್ಲ. ಬಟ್ಯ ನನ್ನ ಮುಖವನ್ನೇ ನೋಡುತ್ತಿದ್ದ.

"ಸಸಿ ಇಟ್ಟದ್ದು ಆರು, ಯಾರು?" ಎಂದ ಗುಮಾಸ್ತ.

"ನಾನೇ," ಎಂದೆ.

"ಹೋಯ್ತು ನಿನ್ನ ಮನೆ," ಎಂದ ವೆಂಕಟಕೃಷ್ಣಯ್ಯ. ಗುಮಾಸ್ತ ಪುಸ್ತಕಕ್ಕೆ ಕೈ ಚಾಚಿದ, ದಾಖಲೆಗೆ ಬೇಕು ಎಂದ. ಕೊಟ್ಟೆ. ಕೊಡುವಾಗ ಹಿಂಭಾಗದ ರಟ್ಟನ್ನು ನನ್ನ ಬೆರಳು ಬಿಡಲಿಲ್ಲ. ಅವನೇ ಎಳೆದುಕೊಂಡ.

ಬಟ್ಯನನ್ನು ಏಳಿಸುವ ಹಾಗಿಲ್ಲ ಎಂದು ಆಯಿತು. ಆ ಮಳೆಗಾಲಕ್ಕೆ ಮಾಡಿಗೆ ತೆಂಗಿನ ಮಡಲು ಹಾಕಿಸಿದೆ. ಬಟ್ಯ ಕಟ್ಟಿದ, ಹೊನ್ನಯ್ಯ ಕೆಳಗಿನಿಂದ ಎಸೆದುಕೊಟ್ಟ. ಈಗ ಮೀಂಜದ ಮುಳಿಗೆ ಹೇಳಿ ಆಗಿದೆ. ತಿಂಗಳ ಒಂದನೇ ತಾರೀಕು ಬಟ್ಯ ಬಾಡಿಗೆ ತರುತ್ತಾನೆ, ರಶೀದಿ ತೆಗೆದುಕೊಂಡು ಮಡಚಿ ಟೊಪ್ಪಿಯೊಳಗೆ ಇಡುತ್ತಾನೆ. ಮೂರನೇ ಮನೆ ಜುಲೈಯಿಂದ ಖಾಲಿ. ಬಂದವರು ಗೋಡೆ ನೋಡುತ್ತಾರೆ, ಬಾವಿಕಟ್ಟೆಯಲ್ಲಿ ಐತೆಯನ್ನು ನೋಡುತ್ತಾರೆ, ಹೋಗುತ್ತಾರೆ. ನಾಲ್ಕೂ ಹೋಗುವ ಹೆದರಿಕೆ ಹೋಗಿಲ್ಲ.

ಹೊನ್ನಯ್ಯನಿಗೆ ಈಗ ಉಪ್ಪಳದಲ್ಲಿ ಎರಡು ಮನೆ ಕೊಳ್ಳುವ ಹುಚ್ಚು. "ಬಾಡಿಗೆಗೆ ಕೊಡ್ಲಿಕ್ಕೆ. ಎಂತ ನೋಡ್ಬೇಕು ಅಮ್ಮಣ್ಣಿಯಕ್ಕ?" ಎಂದು ಕೇಳಿದ.

"ಬಾವಿ ನೋಡು. ಹತ್ತು ತಿಂಗಳು ಅಂತ ಎಣಿಸು. ರಶೀದಿ ಕೊಡು," ಎಂದೆ. "ಮತ್ತೆ, ಜನ ಒಳಗಿರುವಾಗ ಮಾಡು ಕಿತ್ತು ಮಳೆಗೆ ಕಾಯ್ಲಿಕ್ಕೆ ಆಗ್ತದಾ ನಿನ್ನಿಂದ, ಮೊದ್ಲು ಅದು ಯೋಚಿಸು. ಆಗುದಿಲ್ವಾ, ಯಾರಿಗೆ ಹೆದರಿ ಆ ಕೆಲ್ಸ ಮಾಡ್ತಿ ಅಂತ ಯೋಚಿಸು."

"ಬಾಡಿಗೆಯ ಲೆಕ್ಕ ಕೇಳಿದ್ರೆ ಪಾಪದ ಲೆಕ್ಕ ಹೇಳ್ತೀರಲ್ಲ ಮಾರಾಯ್ರೆ!" ಎಂದು ನಕ್ಕು ಹೋದ.

ಪುಸ್ತಕ ಬಿಡಿಸಿ ನೋಡಿದೆ. ಮುಂಭಾಗದಲ್ಲಿ ಜುಲೈ ಹದಿನೇಳಕ್ಕೆ ಕಚೇರಿಯ ಮೊಹರು ಬಿದ್ದಿದೆ. ಹಿಂಭಾಗಕ್ಕೆ ತಿರುಗಿಸಿದೆ. ಮಾರ್ಚ್ ಹದಿನೆಂಟು. ಆರು ಚೆಂಬು ಎಂದಿರುವಲ್ಲಿ ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ.

ಯಾರು? ಅಲ್ಲಿ ಕನ್ನಡ ಬಲ್ಲವರು ಎಷ್ಟು ಜನ? ಅವರು ಯಾರಿಗೆ ಹೇಳಿದರು? ಪುಸ್ತಕವನ್ನು ಕಚೇರಿಯಿಂದ ತಂದವನು ಬಟ್ಯ. ಜೊತೆಗೆ ಸಂಘದವನೊಬ್ಬ ಇದ್ದ, ಅವನಿಗೆ ಓದಲಿಕ್ಕೆ ಬರುತ್ತದೆ.

ಹಿತ್ತಿಲಿಗೆ ಹೋದೆ. ಮಳೆ ನಿಂತು ತಿಂಗಳಾಯಿತು, ಮಣ್ಣು ಒಣಗಿದೆ. ಹಳದಿಯಾದ ಗರಿಗಳು ಉದುರಿ ಸಸಿಗೆ ಹೊಸದು ಮೂರು ಬಂದಿವೆ. ಪಂಕಜಾಕ್ಷಿ ಅದನ್ನು ಹಿಡಿದುಕೊಂಡು ಸುತ್ತು ಹಾಕುತ್ತಾಳೆ, ಬೀಳುತ್ತಾಳೆ. ಐತೆ ಬಾವಿಯಿಂದ ಸೇದಿ ತಂದ ಕೊಡವನ್ನು ನನ್ನ ಕಾಲ ಬುಡದಲ್ಲಿ ಇಟ್ಟಳು.

"ನೀವೇ ಹಾಕಿ ನರ್ಸಮ್ಮ," ಎಂದಳು. "ನಾನು ನೋಡ್ತೇನೆ."

ಕೊಡ ಎತ್ತುವ ಮೊದಲು ನೀರಿಗೆ ಕೈ ಅದ್ದಿ ನೋಡಿದೆ. ತಣ್ಣಗಿತ್ತು.